ಆಲ್ದೂರು ಕಡೆಯ ಮೂವರಿಗೆ ಸ್ವಂತ ಕೆಲಸ: ಕೈಸಾಲ ಕೊಡೋದಾ, ಬ್ಯಾಂಕಿಗೆ ಕಳಿಸೋದಾ?

ಆಲ್ದೂರು_ಮಳೆ:
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನಾವು ಊರು ಬಿಟ್ಟು ಬೆಂಗಳೂರು ಸೇರಿದ ಶಾಲೆ ಗೆಳೆಯರು ಒಂದಷ್ಟು ಜನ ಸೇರಿ ಎರಡು ಲಕ್ಷ ಒಟ್ಟು ಮಾಡಿದ್ದೇವೆ. ಮೊದಲು ಶಾಲೆಗೆ ಬಣ್ಣ ಹೊಡೆಸೋಣ ಅಂತಿತ್ತು. ಆಮೇಲೆ ಊರ ಕಡೆಯ ಹುಡುಗರು ಯಾರಾದರೂ ಸ್ವಂತ ಕೆಲಸ ಶುರು ಮಾಡುವುದಾದರೆ ಅವರಿಗೇ ಕೊಡೋಣ ಅಂತ ಆಯಿತು. ಮೂವರು ಸಿಕ್ಕಿದ್ದಾರೆ. ಮೂವರೂ ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಬೆಳೆದವರು. ಒಬ್ಬ ಆರ್‌ಸೆಟಿಯಲ್ಲಿ (ಬ್ಯಾಂಕ್ ನಡೆಸುವ ಸ್ವಂತ ಉದ್ಯೋಗ ತರಬೇತಿ ಕೇಂದ್ರ) ಟೂ ವೀಲರ್ ರಿಪೇರಿ ಕಲಿತು ಸರ್ಟಿಫಿಕೇಟ್ ಇಟ್ಟುಕೊಂಡು ಕೂತಿದ್ದಾನೆ. ಒಬ್ಬಳು ಹೊಲಿಗೆ ಕಲಿತಿದ್ದಾಳೆ, ಆದರೆ ಹೊಲಿಯುತ್ತಿರುವ ಮೆಷಿನ್ ಪಕ್ಕದ ಮನೆಯದು. ಇನ್ನೊಬ್ಬನಿಗೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾಫಿ, ಮ್ಯಾಗಿ ಗಾಡಿ ಹಾಕುವ ಆಸೆ.

ರಿಪೇರಿ ಹುಡುಗ ಬ್ಯಾಂಕಿಗೆ ಹೋಗಿದ್ದ. "ಜಾಗದ ಪತ್ರ ತಗೊಂಡು ಬಾ" ಅಂದರಂತೆ. ಲೈನ್ ಮನೆ ತೋಟದ ಮಾಲೀಕರದ್ದು, ಅವನ ಹತ್ತಿರ ಎಲ್ಲಿಯ ಪತ್ರ? ಮೂವರಿಗೂ ದುಡ್ಡು ಹಂಚಿಬಿಡಬೇಕಾ, ಬಡ್ಡಿ ಇಲ್ಲದ ಸಾಲ ಕೊಡಬೇಕಾ? ಸಣ್ಣ ಬಡ್ಡಿ ಹಾಕಿದರೆ ಹಣ ಮುಂದಿನವರಿಗೂ ತಿರುಗುತ್ತದೆ ಅಂತ ನಮ್ಮಲ್ಲೇ ಒಬ್ಬನ ವಾದ. ಗೊತ್ತಿದ್ದವರು ಹೇಳಿ.

ಬೇಲೂರು_ಬಸ್:
ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಸ್ವಂತ ಅಂಗಡಿ ಎಲ್ಲರಿಗೂ ಒಗ್ಗುವುದಿಲ್ಲ. ಆ ಹುಡುಗನನ್ನು ಬೆಂಗಳೂರಿನ ಯಾವುದಾದರೂ ಸರ್ವಿಸ್ ಸೆಂಟರಿಗೆ ಸೇರಿಸಿ. ತಿಂಗಳಾದರೆ ಸಂಬಳ, ಪಿಎಫ್. ಮೀಸೆ ಚಿಗುರುವ ವಯಸ್ಸಿಗೆ ತಲೆ ಮೇಲೆ ಸಾಲ ಹೊರಿಸಿ "ಯುವ ಉದ್ಯಮಿ" ಅಂತ ಫೋಟೋ ಹಾಕುವ ಖುಷಿ ನಮ್ಮದು, ಕಂತು ಕಟ್ಟುವ ಪಾಡು ಅವನದು. ಒಂದು ಸಂಘದ ಸಾಲ ತೀರಿಸೋಕೆ ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಹತ್ತು ವರ್ಷದವರೆಗೆ ಜೈಲು ಅಂತ ಕಾನೂನೇ ತರಬೇಕಾಯಿತು. ಅಲ್ಲಿಗೆ ಬಂದು ನಿಂತಿದೆ ಸಾಲದ ಕಥೆ.

ಆಲ್ದೂರು_ಮಳೆ:
ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಆದರೆ ಇವನ ಅಪ್ಪನಿಗೆ ಮಂಡಿ ನೋವು, ಕೆಲಸ ಬಿಟ್ಟಾಗಿದೆ. ಅಮ್ಮ ಒಬ್ಬಳೇ ತೋಟಕ್ಕೆ ಹೋಗುವುದು. ಮನೆಯಲ್ಲಿ ಒಬ್ಬರಾದರೂ ತೋಟದ ಕೆಲಸದಲ್ಲಿದ್ದರೆ ಮಾತ್ರ ಆ ಲೈನ್ ಮನೆ ಉಳಿಯುತ್ತದೆ. ಅವರನ್ನು ಬಿಟ್ಟು ಹೋಗು ಅಂತ ನಾವು ಹೇಗೆ ಹೇಳೋದು?

ನಿವೃತ್ತ_ಕ್ಯಾಷಿಯರ್:
ಮೊದಲು ಆ ಸಣ್ಣ ಬಡ್ಡಿಯ ಯೋಚನೆ ಬಿಡಿ. ಹತ್ತು ಜನರಿಂದ ದುಡ್ಡು ಕೂಡಿಸಿ ಬಡ್ಡಿಗೆ ಬಿಡುವ ವ್ಯವಹಾರ ಶುರು ಮಾಡಿದರೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಬಂದು ಕೂರುತ್ತದೆ. ಲೈಸೆನ್ಸ್ ಬೇಕು. ಒಳ್ಳೇದು ಮಾಡಲು ಹೋಗಿ ಕಚೇರಿ ಮೆಟ್ಟಿಲು ಹತ್ತುವುದು ಯಾಕೆ?

ಇನ್ನು ಬ್ಯಾಂಕ್. ಮುದ್ರಾ ಸಾಲದ ಹೆಸರು ಎಲ್ಲರೂ ಕೇಳಿರುತ್ತೀರಿ, 2015ರಲ್ಲಿ ಬಂದಿದ್ದು. ಶಿಶು ಅಂದರೆ 50,000 ರೂಪಾಯಿವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಇದರಲ್ಲಿ ಸಬ್ಸಿಡಿ ಇಲ್ಲ, ಅದನ್ನು ಮೊದಲೇ ತಿಳಿದುಕೊಳ್ಳಿ. ಎಷ್ಟೋ ಹುಡುಗರು ಸಬ್ಸಿಡಿ ಇದೆ ಅಂದುಕೊಂಡು ಬಂದು ಮ್ಯಾನೇಜರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಸಬ್ಸಿಡಿ ಇರುವುದು ಪಿಎಂಇಜಿಪಿಯಲ್ಲಿ, ಅದು ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಯೋಜನೆ. ಹಳ್ಳಿಯಲ್ಲಿ ಘಟಕ ಹಾಕುವ ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಹೆಣ್ಣುಮಕ್ಕಳಿಗೆ ಯೋಜನಾ ವೆಚ್ಚದ ಶೇ 35. ಸಾಮಾನ್ಯ ವರ್ಗದ ಗಂಡಸರಿಗೆ ಶೇ 25.

ಲೆಕ್ಕ ಹೇಳುತ್ತೇನೆ. ಗ್ಯಾರೇಜಿಗೆ 4 ಲಕ್ಷ ಅಂದುಕೊಳ್ಳಿ. ಆ ಶೇ 35 ಸಿಗುವ ವಿಶೇಷ ವರ್ಗದವನಾದರೆ ಕೈಯಿಂದ ಹಾಕಬೇಕಾದ್ದು ಶೇ 5, ಅಂದರೆ 20,000. ಬ್ಯಾಂಕ್ 3,80,000 ಕೊಡುತ್ತದೆ. ಸಬ್ಸಿಡಿ 1,40,000 ಹುಡುಗನ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಅಂಗಡಿ ಮೂರು ವರ್ಷ ನಡೆದಿದ್ದರೆ ಸಾಲಕ್ಕೆ ಜಮೆ. ಹಾಗಾಗಿ ನಿಜವಾದ ಹೊರೆ 2,40,000.

ಆಸ್ತಿ ಪತ್ರದ ಮಾತು. ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿ ಬಹಳ ವರ್ಷವಾಯಿತು. ಆದರೆ ಅಂಗಡಿ ಎಲ್ಲಿ ಹಾಕುತ್ತೀಯ ಅಂತ ಕೇಳುವುದು ತಪ್ಪಲ್ಲ. "ಜಾಗದ ಪತ್ರ" ಅಂದಿದ್ದು ಬಾಡಿಗೆ ಕರಾರಿಗೂ ಇರಬಹುದು. ಹುಡುಗ ಹೆದರಿಕೊಂಡು ಎದ್ದು ಬಂದಿರುತ್ತಾನೆ. ಕೌಂಟರ್ ಆಚೆ ಕೂತು ಇದನ್ನು ಬಹಳ ನೋಡಿದ್ದೇನೆ. ಮ್ಯಾನೇಜರ್ ತಲೆ ಎತ್ತದೆ ಒಂದು ಪ್ರಶ್ನೆ ಕೇಳುತ್ತಾನೆ, ಹುಡುಗ "ಸರಿ ಸಾರ್" ಅಂದು ಫೈಲ್ ಮಡಚಿಕೊಂಡು ಹೊರಡುತ್ತಾನೆ. ಜೊತೆಗೆ ಒಬ್ಬರು ಕೂತಿದ್ದರೆ "ಯಾವ ಪತ್ರ ಸಾರ್, ಕರಾರು ಸಾಕಾ?" ಅಂತ ಕೇಳಿರುತ್ತಿದ್ದರು.

ಬೇಲೂರು_ಬಸ್:
ಸಾರ್, ನಿಯಮ ಎಲ್ಲಾ ಚೆನ್ನಾಗಿದೆ. ಮ್ಯಾನೇಜರ್ ಆಗಲ್ಲ ಅಂದರೆ ಮುಗೀತು ಅಲ್ವಾ?

ನಿವೃತ್ತ_ಕ್ಯಾಷಿಯರ್:
ಬಾಯಿ ಮಾತಲ್ಲಿ ಆಗಲ್ಲ ಅಂದರೆ ಆಗುವುದಿಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರ ಅರ್ಜಿಯನ್ನಂತೂ ಶಾಖೆಯ ಮಟ್ಟದಲ್ಲೇ ತಳ್ಳಿಹಾಕುವ ಹಾಗಿಲ್ಲ, ಮೇಲಿನ ಅಧಿಕಾರಿ ನೋಡಬೇಕು. ಅದೂ ಆಗದಿದ್ದರೆ ಜಿಲ್ಲೆಗೊಬ್ಬರು ಲೀಡ್ ಬ್ಯಾಂಕ್ ಮ್ಯಾನೇಜರ್ ಇರುತ್ತಾರೆ, ಅವರಿಗೆ ಪತ್ರ. ಜಗಳ ಬೇಡ, ಕಾಗದ ಸಾಕು.

ಸ್ಪ್ಯಾನರ್:
ಚಿಕ್ಕಮಗಳೂರಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಕ್ಯಾಷಿಯರ್ ಸಾರ್ ಹೇಳಿದ್ದೆಲ್ಲಾ ಸರಿ, ಆದರೆ ನಾನಾಗಿದ್ದರೆ ಆ ಹುಡುಗನಿಗೆ ಇವತ್ತು ಒಂದು ರೂಪಾಯಿನೂ ಕೊಡುವುದಿಲ್ಲ. ಒಂದು ತಿಂಗಳ ಟ್ರೈನಿಂಗಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದು ಕಲಿಯಬಹುದು. ಗಿರಾಕಿ ಗಾಡಿ ತಂದು "ಏನೋ ಸೌಂಡ್ ಬರ್ತಿದೆ" ಅಂದಾಗ ಎಲ್ಲಿಂದ ಅಂತ ಕಿವಿಗೆ ಗೊತ್ತಾಗಲು ವರ್ಷ ಬೇಕು. ಹೊಸ ಹೊಗೆ ನಿಯಮದ ಈಗಿನ ಬಿಎಸ್6 ಗಾಡಿಗೆ ಸ್ಕ್ಯಾನರ್ ಇಲ್ಲದೆ ಕೆಲಸ ಹಿಡಿಯುವುದೇ ಕಷ್ಟ. ಮೊದಲು ಯಾರ ಹತ್ತಿರವಾದರೂ ಆರು ತಿಂಗಳು ಕೆಲಸಕ್ಕೆ ನಿಲ್ಲಲಿ. ಸ್ಪೇರ್ ಅಂಗಡಿಯವರಿಗೆ ಮುಖ ಪರಿಚಯ ಆಗಲಿ. ಅವರು ವಾರದ ಉದ್ದರಿ ಕೊಡಲು ಶುರು ಮಾಡಿದರೆ ಅರ್ಧ ಬಂಡವಾಳ ಬಂದ ಹಾಗೆ.

ಲೈನ್ಮನೆ_ಹುಡುಗ:
ಅಣ್ಣ ಲಿಂಕ್ ಕಳಿಸಿದ್ದರು, ಎಲ್ಲಾ ಓದಿದೆ. ರಿಪೇರಿ ಕಲಿತವನು ನಾನೇ. ಎಲ್ಲರಿಗೂ ಥ್ಯಾಂಕ್ಸ್.

ಸ್ಪ್ಯಾನರ್ ಅಣ್ಣ, ನೀವು ಹೇಳಿದ್ದು ನಿಜ. ಟ್ರೈನಿಂಗಲ್ಲಿ ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದ್ದರು. ಅದರಲ್ಲಿ ದಿನಕ್ಕೆ ಎಂಟು ಗಾಡಿ ಬರುತ್ತದೆ ಅಂತ ಬರೆದಿದ್ದೆ. ಜೂನ್, ಜುಲೈನಲ್ಲಿ ನಮ್ಮ ಕಡೆ ದಿನಕ್ಕೆ ಎಂಟು ಜನ ರಸ್ತೆಗೆ ಇಳಿದರೆ ಹೆಚ್ಚು. ಮಳೆಗಾಲದಲ್ಲಿ ಕಂತು ಹೇಗೆ ಕಟ್ಟುವುದು ಅಂತಲೇ ಭಯ. ಸಾಲ ಸಿಗುವುದಿಲ್ಲ ಅಂತಲ್ಲ, ಸಿಕ್ಕರೆ ಏನು ಗತಿ ಅಂತ.

ಸದ್ಯಕ್ಕೆ ತೋಟದವರ ಕಳೆ ಹೊಡೆಯೋ ಮೆಷಿನ್ ನೋಡಿಕೊಡುತ್ತೇನೆ. ಜಾಸ್ತಿ ಬರುವುದು ಒಂದೇ ಕಂಪ್ಲೇಂಟ್, ಸ್ಟಾರ್ಟ್ ಆಗಲ್ಲ. ಹೋದ ಸೀಸನ್ನಿನ ಪೆಟ್ರೋಲ್ ಟ್ಯಾಂಕಲ್ಲೇ ಬಿಟ್ಟಿರುತ್ತಾರೆ, ಆಯಿಲ್ ಸೇರಿಸಿದ್ದು. ಅದು ಕಾರ್ಬೊರೇಟರ್ ಒಳಗೆ ಅಂಟಾಗಿ ಕೂತಿರುತ್ತದೆ. ಬಿಚ್ಚಿ ತೊಳೆದು, ಪ್ಲಗ್ ಉಜ್ಜಿ, ಡಯಾಫ್ರಂ ಗಟ್ಟಿಯಾಗಿದ್ದರೆ ಬದಲಾಯಿಸಿದರೆ ಎರಡನೇ ಎಳೆತಕ್ಕೆ ಹಿಡಿಯುತ್ತದೆ. ಅದಕ್ಕೆ ತೋಟದ ಲೆಕ್ಕ ನೋಡುವ ರೈಟರ್ ಚಾ ಕುಡಿಸುತ್ತಾರೆ, ಕೆಲವರು ಇನ್ನೂರು ಕೊಡುತ್ತಾರೆ.

ಸ್ಪ್ಯಾನರ್:
ಮೊದಲೇ ಹೇಳಬಾರದಾ ಮಾರಾಯ! ಚಾ ಕುಡಿದು ಮಾಡುವ ಕೆಲಸವಲ್ಲ ಅದು. ನನ್ನ ಹತ್ತಿರ ಬೈಕಿಗಿಂತ ಆ ಮೆಷಿನ್‌ಗಳನ್ನೇ ಜಾಸ್ತಿ ತರುತ್ತಾರೆ, ನಾನು ಬಿಡುವಿಲ್ಲ ಅಂತ ವಾಪಸ್ ಕಳಿಸುತ್ತೇನೆ.

ರೋಬಸ್ಟಾ:
ಸಣ್ಣ ಬೆಳೆಗಾರ, ಮೂಡಿಗೆರೆ ರಸ್ತೆ. ಹುಡುಗನ ಮಾತು ಓದಿ ಬರೆಯುತ್ತಿದ್ದೇನೆ. ನಮಗೆ ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯಬೇಕು. ಸ್ಪ್ರೇಯರ್ ಕೆಟ್ಟರೆ ಪೇಟೆಗೆ ಕಳಿಸಿ ಮೂರು ದಿನ ಕಾಯಬೇಕು, ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಮಳೆ ಬಿಡುವು ಕೊಟ್ಟಾಗ ಕಳೆ ಹೊಡೆಸಬೇಕು, ಆಗ ಆ ಮೆಷಿನ್ ಬೇಕು. ಕೊಯ್ಲಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಮರಗಸಿಗೆ ಗರಗಸ. ಬೈಕಿನವರು ಮಳೆಗಾಲದಲ್ಲಿ ಬರದಿದ್ದರೆ ಏನಾಯಿತು, ನಾವು ಬರುತ್ತೇವಲ್ಲ. ಮನೆ ಬಾಗಿಲಿಗೆ ಬಂದು ಸರಿಮಾಡಿ ಕೊಡುವವನಿದ್ದರೆ ವರ್ಷಕ್ಕೆ ಇಷ್ಟು ಅಂತ ಮಾತಾಡಿಕೊಳ್ಳಲು ನಾನು ತಯಾರು. ಅಕ್ಕಪಕ್ಕದ ನಾಲ್ಕು ತೋಟದವರನ್ನೂ ಕೇಳುತ್ತೇನೆ. ರಸ್ತೆ ಬದಿಯಲ್ಲಿ ನನ್ನದೊಂದು ಹಳೇ ಗೋಡೌನ್ ಇದೆ, ಮುಂದಿನ ಅಂಕಣ ಬಾಡಿಗೆಗೆ ಬಿಟ್ಟುಕೊಡಬಹುದು.

ಬೇಲೂರು_ಬಸ್:
ಬೆಳೆಗಾರರು ಬಂದರು ನೋಡಿ. ವರ್ಷದ ಲೆಕ್ಕ ಅಂತ ಬಾಯಲ್ಲಿ ಹೇಳಿ ಕಾಫಿ ಮಾರಿದ ಮೇಲೆ ದುಡ್ಡು ಕೊಡುತ್ತೀರಿ. ಅಲ್ಲಿಯವರೆಗೆ ಹುಡುಗ ಸ್ಪೇರ್‌ಗೆ ಎಲ್ಲಿಂದ ತರಬೇಕು?

ರೋಬಸ್ಟಾ:
ಚುಚ್ಚಿದ್ದು ಸರಿಯಾಗೇ ಚುಚ್ಚಿದಿರಿ. ಸ್ಪೇರ್ ದುಡ್ಡು ಕೂಡಲೇ, ಕೂಲಿ ತಿಂಗಳಿಗೊಮ್ಮೆ. ಕಾಗದದ ಮೇಲೆ ಬರೆದು ಕೊಡುತ್ತೇನೆ. ಗೋಡೌನ್‌ಗೆ ಕರಾರು ಸ್ಟಾಂಪ್ ಪೇಪರಲ್ಲೇ ಮಾಡೋಣ, ಬ್ಯಾಂಕಿಗೂ ಆಗುತ್ತದೆ.

ನಿವೃತ್ತ_ಕ್ಯಾಷಿಯರ್:
ಹಾಗೆ ಬರೆದು ಕೊಟ್ಟ ನಾಲ್ಕು ಹಾಳೆ ಇದ್ದರೆ ಪ್ರಾಜೆಕ್ಟ್ ರಿಪೋರ್ಟಿನ "ದಿನಕ್ಕೆ ಎಂಟು ಗಾಡಿ"ಗಿಂತ ಹೆಚ್ಚು ತೂಕ. ಮ್ಯಾನೇಜರ್ ಸಾಲ ಕೊಡುವುದು ವಾಪಸ್ ಬರುತ್ತದೆ ಅನ್ನುವ ಧೈರ್ಯದ ಮೇಲೆ. ಧೈರ್ಯಕ್ಕೆ ಏನಾದರೂ ಆಧಾರ ಬೇಕಲ್ಲ.

ಒಂದು ಎಚ್ಚರಿಕೆ. ಪಿಎಂಇಜಿಪಿಯ ಈ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಈಗ ಆತುರದಲ್ಲಿ ಬೋರ್ಡ್ ಹಾಕಿ, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿ, ಶಿಶು ಸಾಲ ಎತ್ತಿ ಅಂಗಡಿ ತೆರೆದರೆ ನಾಳೆ "ಇದು ಇರುವ ಘಟಕ" ಅಂತ ಸಬ್ಸಿಡಿ ಕೈ ತಪ್ಪುತ್ತದೆ. ಯಾವ ದಾರಿ ಅಂತ ಮೊದಲು ತೀರ್ಮಾನ ಮಾಡಿ. ಸ್ಪ್ಯಾನರ್ ಹತ್ತಿರ ಆರು ತಿಂಗಳು ಸಂಬಳಕ್ಕೆ ನಿಂತರೆ ಆ ತೊಂದರೆ ಇಲ್ಲ. ಪಿಎಂಇಜಿಪಿ ಅರ್ಜಿ ಆನ್‌ಲೈನಲ್ಲೇ ಹಾಕಬೇಕು, ಹಾಕುವ ಮುಂಚೆ ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲಲ್ಲಿ ಪೂರ್ತಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವವರು, "ಸಾಲ ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್" ಅನ್ನುವವರು ಸಿಕ್ಕೇ ಸಿಗುತ್ತಾರೆ. ದೂರ ಇರಿ.

ಲೈನ್ಮನೆ_ಹುಡುಗ:
ಸಾರ್, ಅಮ್ಮನ ಹೆಸರಲ್ಲಿ ಸಂಘದ ಸಾಲ ಇದೆ. ಎರಡು ಕಂತು ತಡವಾಗಿದೆ. ನನಗೆ ಸಾಲ ಸಿಗುತ್ತದಾ?

ನಿವೃತ್ತ_ಕ್ಯಾಷಿಯರ್:
ಸಿಬಿಲ್, ಅಂದರೆ ಸಾಲ ತೀರಿಸಿದ ಚರಿತ್ರೆಯ ವರದಿ, ಒಬ್ಬೊಬ್ಬರದ್ದು ಬೇರೆ ಬೇರೆ. ಅಮ್ಮನ ಸಾಲಕ್ಕೆ ನೀನು ಜಾಮೀನು ಹಾಕಿಲ್ಲದಿದ್ದರೆ ನಿನ್ನ ವರದಿಯಲ್ಲಿ ಅದು ಬರುವುದಿಲ್ಲ. ಆದರೂ ಆ ಎರಡು ಕಂತು ಮೊದಲು ತೀರಿಸಿಬಿಡಿ. ವಾರದ ಕಂತು ಬಾಕಿ ಇರುವ ಮನೆಗೆ ಹೊಸ ಸಾಲ ಬಂದರೆ ಅದು ಮೊದಲು ಹೋಗುವುದೇ ಅಲ್ಲಿಗೆ, ಸ್ಪ್ಯಾನರ್ ಸೆಟ್ಟಿಗಲ್ಲ. ಇನ್ನೊಂದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೋ. ನಿಮ್ಮ ತಾತನವರು ಹೊರಗಿನಿಂದ ತೋಟಕ್ಕೆ ಬಂದವರಾಗಿದ್ದರೆ ಹಳೇ ದಾಖಲೆ ಕೇಳುತ್ತಾರೆ, ಅಪ್ಪನ ಶಾಲೆಯ ಟಿಸಿ ಇದ್ದರೆ ಹುಡುಕು.

ಕಡೂರಕ್ಕ:
ಎಲ್ಲರೂ ಹುಡುಗನ ಸುತ್ತಲೇ ಸುತ್ತುತ್ತಿದ್ದೀರಿ. ಹೊಲಿಗೆಯವಳ ಕಥೆ ಏನು? ನಾನು ಕಡೂರಲ್ಲಿ ಟೈಲರಿಂಗ್ ಮಾಡುತ್ತೇನೆ, ಕಲಿಸುತ್ತೇನೆ ಕೂಡ. ಹೆಣ್ಣುಮಕ್ಕಳು ಅಂದರೆ ಹೊಲಿಗೆ, ಬ್ಯೂಟಿ ಪಾರ್ಲರ್, ಹಪ್ಪಳ. ಯಾವ ತರಬೇತಿ ಆದರೂ ಇದೇ ಮೂರು. ಒಂದೇ ಊರಿಂದ ಇಪ್ಪತ್ತು ಜನಕ್ಕೆ ಬ್ಲೌಸ್ ಹೊಲಿಯಲು ಕಲಿಸಿದರೆ ಅವರು ಹೊಲಿಯುವುದು ಯಾರಿಗೆ? ಪಕ್ಕದ ಮನೆಯವಳಿಗೂ ಹೊಲಿಗೆ ಗೊತ್ತು. ರೇಟ್ ಇಳಿಯುತ್ತದೆ, ಅಷ್ಟೇ.

ಅವಳಿಗೆ ನನ್ನ ಸಲಹೆ, ಬ್ಲೌಸ್ ಬಿಟ್ಟು ಹೋಂಸ್ಟೇ ಹಿಡಿಯಲಿ. ನಿಮ್ಮ ಕಡೆ ಎಷ್ಟು ಹೋಂಸ್ಟೇ ಇವೆ! ಬೆಡ್‌ಶೀಟ್ ಅಂಚು, ದಿಂಬಿನ ಕವರ್, ಪರದೆ, ಮಳೆಗಾಲದಲ್ಲಿ ಬೂಷ್ಟು ಹಿಡಿದು ವರ್ಷ ವರ್ಷ ಬದಲಾಯಿಸುತ್ತಾರೆ. ನೇರ ಹೊಲಿಗೆ, ಫಿಟ್ಟಿಂಗ್ ತಲೆನೋವಿಲ್ಲ, ಒಂದೇ ಅಳತೆಯ ಐವತ್ತು ಪೀಸ್. ಶಾಲೆ ಯೂನಿಫಾರಂ ಮೇ, ಜೂನ್‌ಗೆ. ಆದರೆ ಅದಕ್ಕೆ ಕಾಲಲ್ಲಿ ತುಳಿಯುವ ಮೆಷಿನ್ ಸಾಲದು, ಮೋಟಾರಿನದು ಬೇಕು, ಅಂಚಿಗೆ ಓವರ್‌ಲಾಕ್ ಬೇಕು.

ದುಡ್ಡಿಗೆ: ಕುಶಲಕರ್ಮಿಗಳಿಗೆ ಕೇಂದ್ರದ ಯೋಜನೆ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. 2023ರ ಸೆಪ್ಟೆಂಬರಲ್ಲಿ ಶುರುವಾಗಿದ್ದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷ. ಮನೆಗೆ ಒಬ್ಬರಿಗೆ ಮಾತ್ರ. ಹೆಸರು ಬರೆಸಿಕೊಳ್ಳುತ್ತಿದ್ದಾರಾ ಅಂತ ಪಂಚಾಯ್ತಿಯಲ್ಲಿ ಕೇಳಲಿ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇನ್ನೊಂದು. 3 ಲಕ್ಷದವರೆಗೆ ಸಾಲ, ಪರಿಶಿಷ್ಟರಿಗೆ ಅರ್ಧ ಸಬ್ಸಿಡಿ, ಉಳಿದವರಿಗೆ ಶೇ 30. ಆದರೆ ಅದಕ್ಕೆ ಅರ್ಜಿ ಬೆಟ್ಟದಷ್ಟು, ಗುರಿ ಮುಷ್ಟಿಯಷ್ಟು. ಅದನ್ನೇ ನಂಬಿಕೊಂಡು ಕೂರಬೇಡಿ.

ಆಲ್ದೂರು_ಮಳೆ:
ಅಕ್ಕ, ಇದು ಹೊಳೆದೇ ಇರಲಿಲ್ಲ. ನಮ್ಮ ಗೆಳೆಯರಲ್ಲೇ ಇಬ್ಬರ ಮನೆಯವರು ಹೋಂಸ್ಟೇ ನಡೆಸುತ್ತಾರೆ. ಅವಳನ್ನು ನಿಮ್ಮ ಹತ್ತಿರ ಕಳಿಸಬಹುದಾ? ಅವಳ ನಂಬರ್ ಇಲ್ಲೇ ಹಾಕಲಾ?

ನಿರ್ವಾಹಕ:
ಯಾರ ಫೋನ್ ನಂಬರೂ ಇಲ್ಲಿ ಹಾಕಬೇಡಿ. ಖಾಸಗಿ ಸಂದೇಶದಲ್ಲಿ ಮಾತಾಡಿಕೊಳ್ಳಿ.

ಕಡೂರಕ್ಕ:
ಕಳಿಸಿ. ಓವರ್‌ಲಾಕ್ ಮೇಲೆ ಕೈ ಕೂರುವವರೆಗೆ ನಮ್ಮ ಮನೆಯಲ್ಲೇ ಇರಲಿ. ಊಟದ ಲೆಕ್ಕ ನನ್ನದು.

ಸ್ಪ್ಯಾನರ್:
ಮ್ಯಾಗಿ ಗಾಡಿ ಬಗ್ಗೆ ಯಾರೂ ಮಾತಾಡಲಿಲ್ಲ.

ರೋಬಸ್ಟಾ:
ಏನು ಮಾತಾಡೋದು. ಗಿರಿ ಕಡೆಗೆ ಹೋಗುವ ದಾರಿಯಲ್ಲಿ ಮ್ಯಾಗಿ ಮಾರುವವರೇ ಸಾಲಾಗಿದ್ದಾರೆ. ಶನಿವಾರ, ಭಾನುವಾರ ವ್ಯಾಪಾರ, ಉಳಿದ ದಿನ ಮಂಜು ನೋಡಿಕೊಂಡು ಕೂರಬೇಕು. ಗುಡ್ಡ ಕುಸಿಯಿತು, ರಸ್ತೆ ಬಂದ್ ಅಂದರೆ ಅದೂ ಇಲ್ಲ. ಅವನಿಗೆ ಅಡುಗೆ ಬರುತ್ತದಾದರೆ ಯಾವುದಾದರೂ ಹೋಂಸ್ಟೇ ಅಡುಗೆಮನೆಯಲ್ಲಿ ಒಂದು ಸೀಸನ್ ನಿಲ್ಲಲಿ. ಸಾಲ ಬೇಡ.

ಬೇಲೂರು_ಬಸ್:
ಇದೊಂದು ಮಾತಿಗೆ ಬೆಳೆಗಾರರ ಜೊತೆ ನನ್ನದೂ ಒಂದು ವೋಟು.

ಹಾಸನದ_ಮೇಷ್ಟ್ರು:
ತಡವಾಗಿ ಬಂದೆ. ನೀವೆಲ್ಲಾ ಇಲ್ಲಿ ಮಾಡುತ್ತಿರುವ ಕೆಲಸವನ್ನೇ ಇಂಗ್ಲೆಂಡಿನಲ್ಲಿ 1976ರಲ್ಲಿ ಶುರುವಾದ ಪ್ರಿನ್ಸಸ್ ಟ್ರಸ್ಟ್ ಮಾಡಿಕೊಂಡು ಬಂದಿದೆ. ಬ್ಯಾಂಕ್ ಹತ್ತಿರ ಸೇರಿಸದ ಹುಡುಗರಿಗೆ ತರಬೇತಿ, ಸಣ್ಣ ಸಾಲ, ಜೊತೆಗೆ ವ್ಯವಹಾರ ಗೊತ್ತಿರುವ ಒಬ್ಬ ಹಿರಿಯ. ಈಗ ಅದರ ಹೆಸರು ಕಿಂಗ್ಸ್ ಟ್ರಸ್ಟ್. ಅದೇ ಮಾದರಿಯಲ್ಲಿ ನಮ್ಮಲ್ಲಿ 1992ರಲ್ಲಿ ಭಾರತೀಯ ಯುವ ಶಕ್ತಿ ಟ್ರಸ್ಟ್ ಶುರುವಾಯಿತು.

ಅಷ್ಟು ದೂರ ಯಾಕೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಉಜಿರೆ. ಅಲ್ಲಿ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟಿ ಅನ್ನುವ ತರಬೇತಿ ಸಂಸ್ಥೆ ಕಟ್ಟಿದವು. ಅದನ್ನು ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಮಾಡಿದ್ದು. ಊಟ, ವಸತಿ, ತರಬೇತಿ ಎಲ್ಲಾ ಉಚಿತ ಅಂತ ಎಲ್ಲರಿಗೂ ಗೊತ್ತು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸಬೇಕು ಅನ್ನುವುದೂ ಅದರ ಪದ್ಧತಿಯೇ. ಇದು ಹುಡುಗರಿಗೆ ಗೊತ್ತಿರುವುದಿಲ್ಲ. ಲೈನ್ಮನೆ ತಮ್ಮಾ, ನೀನು ಕಲಿತ ಕಡೆಗೇ ವಾಪಸ್ ಹೋಗಿ "ಸಾಲದ ಅರ್ಜಿಗೆ ಸಹಾಯ ಬೇಕು" ಅಂತ ಕೇಳು. ಕೇಳುವುದು ನಿನ್ನ ಹಕ್ಕು. ಆರ್‌ಸೆಟಿ ನಡೆಸುವುದೇ ಬ್ಯಾಂಕ್, ಅವರ ಒಂದು ಫೋನಿಗೆ ಬೆಲೆ ಇರುತ್ತದೆ.

ಲೈನ್ಮನೆ_ಹುಡುಗ:
ಎರಡು ವರ್ಷ ಅಂತ ಗೊತ್ತಿರಲಿಲ್ಲ ಸಾರ್. ಕೊನೇ ದಿನ ಫೋಟೋ ತೆಗೆದು ಕಳಿಸಿದರು, ಮುಗಿಯಿತು ಅಂದುಕೊಂಡೆ. ಹೋಗಿ ಕೇಳುತ್ತೇನೆ.

ಆಲ್ದೂರು_ಮಳೆ:
ನಮ್ಮ ಗುಂಪಿನಲ್ಲಿ ಮಾತಾಡಿದೆವು. ಇಷ್ಟಕ್ಕೆ ಬಂದು ನಿಂತಿದೆ. ಹಂಚುವುದಿಲ್ಲ, ಬಡ್ಡಿಗೂ ಬಿಡುವುದಿಲ್ಲ. ಹುಡುಗ ಸ್ಪ್ಯಾನರ್ ಅಣ್ಣನ ಹತ್ತಿರ ಇರುವ ಆರು ತಿಂಗಳು ಬಸ್ ಚಾರ್ಜು, ಊಟ ನಮ್ಮದು. ಸಾಲ ಮಂಜೂರಾದಾಗ ಅವನು ಹಾಕಬೇಕಾದ 20,000 ಮತ್ತು ಗೋಡೌನ್ ಅಡ್ವಾನ್ಸ್ ನಾವು ಕೊಡುತ್ತೇವೆ. ಹೊಲಿಗೆಯವಳಿಗೆ ಓವರ್‌ಲಾಕ್ ಮೆಷಿನ್ ಕೊಡಿಸುತ್ತೇವೆ. ಉಳಿದ ದುಡ್ಡು ಮೊದಲ ಮಳೆಗಾಲದ ಕಂತಿಗೆ ಅಂತ ಎತ್ತಿಡುತ್ತೇವೆ. ಬ್ಯಾಂಕಿಗೆ ಹೋಗುವಾಗ ನಾನೇ ರಜೆ ಹಾಕಿ ಬರುತ್ತೇನೆ.

ಬೇಲೂರು_ಬಸ್:
ಕಂತಿಗೆ ದುಡ್ಡು ಎತ್ತಿಟ್ಟಿದ್ದೀವಿ ಅಂತ ಹುಡುಗನಿಗೆ ಹೇಳಬಾರದಿತ್ತು. ಈಗ ಇಲ್ಲೇ ಬರೆದುಬಿಟ್ಟಿರಿ, ಅವನೂ ಓದುತ್ತಿದ್ದಾನೆ!

ಲೈನ್ಮನೆ_ಹುಡುಗ:
ಓದಿದೆ ಅಣ್ಣ. ಆ ದುಡ್ಡು ಮುಟ್ಟುವುದಿಲ್ಲ.

ಸ್ಪ್ಯಾನರ್:
ಸೋಮವಾರದಿಂದ ಬಾ. ಬೆಳಿಗ್ಗೆ ಒಂಬತ್ತಕ್ಕೆ. ಬಸ್ ಚಾರ್ಜು ಅವರು ಕೊಡಲಿ, ಕೆಲಸ ಮಾಡಿದ್ದಕ್ಕೆ ಸಂಬಳ ನಾನು ಕೊಡುತ್ತೇನೆ, ಪುಕ್ಕಟೆ ದುಡಿಸಿಕೊಳ್ಳುವವನಲ್ಲ.

ನಿವೃತ್ತ_ಕ್ಯಾಷಿಯರ್:
ಆಲ್ದೂರಿನವರೇ, ಮಳೆಗಾಲದ ಕಂತಿಗೆ ಇನ್ನೊಂದು ಉಪಾಯ ಇದೆ. ಸಾಲ ಮಂಜೂರಾಗುವಾಗಲೇ ಮೊರಟೋರಿಯಂ ಕೇಳಿ, ಮೊದಲ ಕೆಲವು ತಿಂಗಳು ಅಸಲಿನ ಕಂತು ಇರುವುದಿಲ್ಲ. ಆ ತಿಂಗಳುಗಳು ಜೂನ್, ಜುಲೈ, ಆಗಸ್ಟಿಗೆ ಬೀಳುವ ಹಾಗೆ ಸಾಲ ಎತ್ತುವ ದಿನ ನೋಡಿಕೊಳ್ಳಿ. ಬಡ್ಡಿ ಮಾತ್ರ ಓಡುತ್ತಿರುತ್ತದೆ, ಅದನ್ನು ತಿಂಗಳು ತಿಂಗಳು ಕಟ್ಟಿಬಿಡಲಿ. ಮತ್ತೆ ಸಲಕರಣೆಯ ಕೊಟೇಶನ್ ಜಿಎಸ್‌ಟಿ ನಂಬರ್ ಇರುವ ಅಂಗಡಿಯದ್ದೇ ಬೇಕು, ದುಡ್ಡು ಬ್ಯಾಂಕಿನಿಂದ ನೇರವಾಗಿ ಅಂಗಡಿಗೇ ಹೋಗುತ್ತದೆ. ಸ್ಪ್ಯಾನರ್ ಅವರೇ, ಕಳೆ ಮೆಷಿನ್ ರಿಪೇರಿಗೆ ಬೇಕಾದ ಸಾಮಾನಿನ ಪಟ್ಟಿ ನೀವೇ ಹುಡುಗನ ಕೈಲಿ ಬರೆಸಿ. ಟ್ರೈನಿಂಗಿನಲ್ಲಿ ಕೊಟ್ಟ ಪಟ್ಟಿ ಬೈಕಿನದು, ಅದಕ್ಕೇ ಕೊಟೇಶನ್ ತಂದುಬಿಟ್ಟಾನು.